ಮೂವತ್ತು ಅಂಕದ ಮಗು

ಮಗುವಿನ ಮನಸ್ಸಿಗೆ ಸರ್ಕಾರ ಬೆಲೆ ಕಟ್ಟಿಲ್ಲವೆಂದು ಯಾರೂ ದೂರುವಂತಿಲ್ಲ. ಕಟ್ಟಿದೆ, 30 ಅಂಕ. ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆಗೆ ಒಟ್ಟು 150. ಅದರಲ್ಲಿ ಎರಡು ಭಾಷೆ, ಗಣಿತ, ಪರಿಸರ ಅಧ್ಯಯನಕ್ಕೆ ತಲಾ 30. ಮಿಕ್ಕ 30 ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ. ಸಾಮಾನ್ಯ ವರ್ಗದವರು 90 ತೆಗೆದರೆ ಪಾಸು. ಲೆಕ್ಕ ಬಲ್ಲವರು ಈಗಾಗಲೇ ಕಂಡುಕೊಂಡಿರುತ್ತಾರೆ: ಮಗುವಿನ ವಿಷಯದಲ್ಲಿ ದುಂಡನೆಯ ಸೊನ್ನೆ ಬಂದರೂ ಉಳಿದ 120ರಲ್ಲಿ 90 ಗಿಟ್ಟಿಸಿ ಮೇಷ್ಟ್ರಾಗಲು ಅಡ್ಡಿಯಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಏನೂ ತೋಚದಿದ್ದರೆ ಪಿಯಾಜೆ ಎಂದು ಗುರುತು ಹಾಕಿ ಎದ್ದು ಬರಬಹುದು. ಎಷ್ಟೋ ಸಲ ಅದು ಸರಿಯೇ ಆಗಿರುತ್ತದೆ.

ಮಗುವಿನ ಬುದ್ಧಿ ಹಂತಹಂತವಾಗಿ ಬೆಳೆಯುತ್ತದೆಂದ ಈ ಪಿಯಾಜೆಗೆ ಕೋಚಿಂಗ್ ಕ್ಲಾಸಿನಲ್ಲಿ ಬೀಜಮಂತ್ರ ಇದೆ: ಇ-ಕಾ-ಮೂ-ಔ. ಇಂದ್ರಿಯ ಗತಿ ಹಂತ 0-2, ಕಾರ್ಯಪೂರ್ವ 2-7, ಮೂರ್ತ ಕಾರ್ಯ 7-11, ಔಪಚಾರಿಕ ಕಾರ್ಯ 11ರಿಂದ ಮೇಲಕ್ಕೆ. ಮಗು ಇಷ್ಟು ಶಿಸ್ತಾಗಿ ಬೆಳೆಯುತ್ತದೆಂದು ಹೆತ್ತ ತಾಯಿಗೂ ಗೊತ್ತಿರಲಿಲ್ಲ. ಏಳನೇ ಹುಟ್ಟುಹಬ್ಬದ ಕೇಕ್ ಕತ್ತರಿಸಿದ ಕೂಡಲೇ ಬಡ್ತಿ ಆದೇಶ ಕೈಗೆ ಬಂದು, ಕಾರ್ಯಪೂರ್ವದಿಂದ ಬಿಡುಗಡೆ ಹೊಂದಿ, ಮಾರನೆಯ ಬೆಳಿಗ್ಗೆ ಮೂರ್ತದಲ್ಲಿ ವರದಿ ಮಾಡಿಕೊಳ್ಳುತ್ತದೆ. ಹಂತಗಳ ಕ್ರಮ ಮುಖ್ಯ, ವಯಸ್ಸು ಬರೀ ಅಂದಾಜು ಎಂದು ಪಿಯಾಜೆಯೇ ಹೇಳಿದ್ದ. ಆದರೆ ಅಂದಾಜನ್ನು ಒಎಂಆರ್ ಹಾಳೆಯಲ್ಲಿ ತುಂಬಲು ಬರುವುದಿಲ್ಲವಲ್ಲ.

ತಮಾಷೆ ಇರುವುದು ಆ ಮನುಷ್ಯನ ಕಸುಬಿನಲ್ಲಿ. 1896ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿದ ಪಿಯಾಜೆ ಡಾಕ್ಟರೇಟ್ ಮಾಡಿದ್ದು ಬಸವನಹುಳುವಿನ ಜಾತಿಯ ಮೃದ್ವಂಗಿಗಳ ಮೇಲೆ. 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಸಿಕ್ಕಿದ ಕೆಲಸ ಅದಕ್ಕಿಂತ ನೀರಸವಾದದ್ದು: ಇಂಗ್ಲೆಂಡಿನಿಂದ ಬಂದ ಬುದ್ಧಿಪರೀಕ್ಷೆಯನ್ನು ಶಾಲೆಯ ಮಕ್ಕಳಿಗೆ ಕೊಟ್ಟು, ಸರಿ ಉತ್ತರ ಎಷ್ಟೆಂದು ಎಣಿಸುವುದು. ಇವನು ಎಣಿಸುವುದನ್ನು ಬದಿಗಿಟ್ಟು, ತಪ್ಪು ಹೇಳಿದವರ ಪಕ್ಕ ಕೂತು ಯಾಕೆ ಹಾಗೆ ಹೇಳಿದರೆಂದು ವಿಚಾರಿಸತೊಡಗಿದ. ಒಂದು ವಯಸ್ಸಿನವರೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ತಪ್ಪುತ್ತಿದ್ದರು; ಅವರ ತಪ್ಪಿಗೊಂದು ತರ್ಕವಿತ್ತು. ಮುಂದೆ ಅವನು ಕಟ್ಟಿದ ಶಾಸ್ತ್ರಕ್ಕೆಲ್ಲ ಆ ತಪ್ಪುಗಳೇ ತಳಪಾಯ. ನಾವೀಗ ಅವನನ್ನೇ ಎ, ಬಿ, ಸಿ, ಡಿ ನಡುವೆ ಒಂದು ಸರಿ ಉತ್ತರ ಮಾಡಿ ಕೂರಿಸಿದ್ದೇವೆ.

ಬೋಧನಾಭ್ಯಾಸಕ್ಕೆ ಬಂದವರು ಅವನ ನೀರಿನ ಪ್ರಯೋಗ ಮಾಡದೆ ಹೋಗುವುದಿಲ್ಲ. ರೆಕಾರ್ಡ್ ಪುಸ್ತಕ ತುಂಬಬೇಕು. ಒಂದೇ ಅಳತೆಯ ಎರಡು ಲೋಟ, ಒಂದೇ ಮಟ್ಟಕ್ಕೆ ನೀರು. “ಎರಡರಲ್ಲೂ ಸಮ ಇದೆಯೇನ್ರೋ?” “ಇದೇ ಸಾರ್.” ಒಂದರ ನೀರನ್ನು ಉದ್ದನೆಯ ಬಾಟಲಿಗೆ ಸುರಿದು, ಹುಬ್ಬೇರಿಸಿ, “ಈಗ? ಈಗಲೂ ಸಮ ಇದೆಯಾ?” ಮಗು ಬಾಟಲಿ ನೋಡುವುದಿಲ್ಲ, ಹುಬ್ಬು ನೋಡುತ್ತದೆ. ಮೇಷ್ಟ್ರು ಕೇಳಿದ್ದನ್ನೇ ಮತ್ತೆ ಕೇಳಿದರೆಂದರೆ ಮೊದಲು ಹೇಳಿದ್ದು ತಪ್ಪು ಎಂಬುದು ಅದಕ್ಕೆ ಒಂದನೇ ತರಗತಿಯಲ್ಲೇ ಮನದಟ್ಟಾಗಿದೆ. “ಇಲ್ಲಾ ಸಾರ್.” ಭಾವಿ ಶಿಕ್ಷಕರು ಹಿಗ್ಗಿ ಬರೆದುಕೊಳ್ಳುತ್ತಾರೆ: ಮಗು ಕಾರ್ಯಪೂರ್ವ ಹಂತದಲ್ಲಿದೆ. ಭಾವಿ ಶಿಕ್ಷಕರ ಬಗ್ಗೆ ಮಗು ಏನು ತೀರ್ಮಾನಿಸಿತು ಎಂಬುದಕ್ಕೆ ರೆಕಾರ್ಡಿನಲ್ಲಿ ಕಾಲಂ ಇಲ್ಲ.

1974ರಲ್ಲಿ ರೋಸ್ ಮತ್ತು ಬ್ಲಾಂಕ್ ಎಂಬ ಇಬ್ಬರು ಸಂಶೋಧಕಿಯರು ಇಂಥದ್ದೇ ಪ್ರಯೋಗದಲ್ಲಿ ಪ್ರಶ್ನೆಯನ್ನು ಎರಡು ಸಲ ಕೇಳುವ ಬದಲು ಕೊನೆಯಲ್ಲಿ ಒಂದೇ ಸಲ ಕೇಳಿ ನೋಡಿದರು. ಮಕ್ಕಳ ತಪ್ಪು ಕಡಿಮೆಯಾಯಿತು. ಅದೇ ಕಾಲಕ್ಕೆ ಸ್ಕಾಟ್ಲೆಂಡಿನಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್, ಸಾಲಾಗಿ ಜೋಡಿಸಿದ ಬಿಲ್ಲೆಗಳನ್ನು ದೊಡ್ಡವರು ಸರಿಸುವ ಬದಲು ತುಂಟ ಕರಡಿ ಬೊಂಬೆಯೊಂದು ಬಂದು ಚೆಲ್ಲಾಪಿಲ್ಲಿ ಮಾಡಿದಂತೆ ಆಡಿಸಿದರು. ಬಿಲ್ಲೆ ಅಷ್ಟೇ ಇವೆ ಎಂದು ಸರಿಯಾಗಿ ಹೇಳಿದ ಪುಟಾಣಿಗಳ ಸಂಖ್ಯೆ ಏರಿಬಿಟ್ಟಿತು. ಕರಡಿಯ ಮುಂದೆ ಅರಳುವ ಬುದ್ಧಿ ಮೇಷ್ಟ್ರ ಮುಂದೆ ಮುದುಡುತ್ತದೆಂಬ ಈ ಸಂಗತಿಯನ್ನು ಗೈಡಿನಲ್ಲಿ ಹುಡುಕಬೇಡಿ. ಕರಡಿಗೆ ಬಿ.ಎಡ್. ಆಗಿರಲಿಲ್ಲ ಎಂದು ತಳ್ಳಿಹಾಕಬಹುದು.

ನೈತಿಕ ವಿಕಾಸದ ಅಧ್ಯಾಯಕ್ಕೆ ಬರೋಣ. 1932ರ ಪುಸ್ತಕದಲ್ಲಿ ಪಿಯಾಜೆ ಮಕ್ಕಳಿಗೆ ಎರಡು ಕಥೆ ಹೇಳುತ್ತಾನೆ. ಊಟಕ್ಕೆ ಕರೆದರೆಂದು ಒಬ್ಬ ಹುಡುಗ ಬಾಗಿಲು ತಳ್ಳಿದ. ಅದರ ಹಿಂದೆ ಇಟ್ಟಿದ್ದ 15 ಪಿಂಗಾಣಿ ಬಟ್ಟಲು ಒಡೆದುಹೋದವು. ಇನ್ನೊಬ್ಬ, ಅಮ್ಮ ಮನೆಯಲ್ಲಿಲ್ಲದಾಗ ಜಾಮ್ ಕದಿಯಲು ಹೋಗಿ ಒಂದು ಬಟ್ಟಲು ಒಡೆದ. ಯಾರದು ದೊಡ್ಡ ತಪ್ಪು? ಚಿಕ್ಕವರು 15 ಒಡೆದವನದು ಎನ್ನುತ್ತಾರೆ. ಒಂಬತ್ತು-ಹತ್ತರ ಹೊತ್ತಿಗೆ ನಷ್ಟ ಬಿಟ್ಟು ಉದ್ದೇಶ ನೋಡುವುದನ್ನು ಕಲಿಯುತ್ತಾರೆ. ನೇಮಕಾತಿ ಆದೇಶ ಕೈಗೆ ಬಂದ ದಿನ ಅದನ್ನು ಮರೆಯುತ್ತಾರೆ. ಚೆಂಡು ತಾಗಿ ಕಿಟಕಿ ಗಾಜು ಒಡೆದರೆ ಇಡೀ ತರಗತಿ ಬೆಂಚಿನ ಮೇಲೆ. ಪಕ್ಕದವಳದ್ದು ಕದ್ದು ಬರೆದು 25ಕ್ಕೆ 25 ತೆಗೆದವನಿಗೆ ಪ್ರಾರ್ಥನೆಯ ಸಾಲಿನಲ್ಲಿ ಚಪ್ಪಾಳೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆಂಚಿನ ಮೇಲೆ ನಿಲ್ಲಿಸುವುದು ಈ ಎರಡರಲ್ಲಿ ಯಾವುದೆಂದು ಇತ್ಯರ್ಥವಾಗದ ಕಾರಣ ಅದು ಎರಡೂ ಅಲ್ಲವೆಂದು ಸ್ಟಾಫ್ ರೂಮಿನಲ್ಲಿ ತೀರ್ಪಾಗಿದೆ.

ಅದೇ ಪುಸ್ತಕಕ್ಕಾಗಿ ಪಿಯಾಜೆ ಹುಡುಗರ ಜೊತೆ ಗೋಲಿ ಆಡಿದ. ಈ ನಿಯಮ ಯಾರು ಮಾಡಿದ್ದು, ಬದಲಾಯಿಸಬಹುದಾ ಎಂದು ಕೇಳುತ್ತ ಹೋದ. ಸಮಾನರ ನಡುವಿನ ಆಟ, ಜಗಳ, ರಾಜಿಯಲ್ಲೇ ನ್ಯಾಯದ ಕಲ್ಪನೆ ಬಲಿಯುತ್ತದೆಂದು ಬರೆದ. ನಮ್ಮಲ್ಲಿ ಸಿಕ್ಕಿದ ಗೋಲಿಗಳೆಲ್ಲ ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿವೆ. ಅವುಗಳ ಬದಲಿಗೆ ವೇಳಾಪಟ್ಟಿಯಲ್ಲಿ ಮೌಲ್ಯ ಶಿಕ್ಷಣದ ಪೀರಿಯಡ್ ಇದೆ; ಪೋರ್ಷನ್ ಮುಗಿದಿಲ್ಲವೆಂದು ಗಣಿತದವರು ಅದನ್ನು ತೆಗೆದುಕೊಳ್ಳುತ್ತಾರೆ.

ಇನ್ನು ಕೋಲ್‌ಬರ್ಗ್. 1958ರಲ್ಲಿ ಷಿಕಾಗೊ ಕಡೆಯ 72 ಹುಡುಗರಿಗೆ ನೀತಿಸಂಕಟಗಳನ್ನು ಒಡ್ಡಿ ಸಂಶೋಧನೆ ಮಾಡಿದವನು. (ಎಲ್ಲ ಗಂಡುಹುಡುಗರೇ, ಹೆಣ್ಣುಮಕ್ಕಳ ನೀತಿಯ ದನಿ ಇಲ್ಲೆಲ್ಲಿದೆ ಎಂದು 1982ರಲ್ಲಿ ಕ್ಯಾರಲ್ ಗಿಲಿಗನ್ ಕೇಳುವ ತನಕ ಅದು ಬಹಳ ಜನಕ್ಕೆ ಹೊಳೆದೇ ಇರಲಿಲ್ಲ.) ಆ ಸಂಕಟಗಳಲ್ಲೊಂದು: ಸಾಯುತ್ತಿರುವ ಹೆಂಡತಿಗಾಗಿ ಹೈಂಜ್ ಎಂಬವನು ಔಷಧಿ ಕದಿಯಬೇಕೇ? ಕದಿ ಎಂದರೋ ಬೇಡ ಎಂದರೋ ಕೋಲ್‌ಬರ್ಗ್‌ಗೆ ಬೇಕಿರಲಿಲ್ಲ, ಯಾಕೆ ಎಂಬುದಷ್ಟೇ ಬೇಕಿತ್ತು. ನಮ್ಮ ತರಬೇತಿ ಕಾಲೇಜುಗಳಲ್ಲಿ ಹೈಂಜ್‌ನ ಅಗತ್ಯವೇ ಇಲ್ಲ. ಸೀನಿಯರ್ ಬಿಟ್ಟುಹೋದ ಕೇಸ್ ಸ್ಟಡಿ ರೆಕಾರ್ಡ್ ಇದೆ. ನಕಲು ಮಾಡಬೇಕೇ ಬೇಡವೇ? ಸಿಕ್ಕಿಬಿದ್ದರೆ ಇಂಟರ್ನಲ್ ಹೋಗುತ್ತದೆ ಎನ್ನುವವರು ಕೋಲ್‌ಬರ್ಗ್ ಗುರುತಿಸಿದ ನೈತಿಕ ಹಂತಗಳಲ್ಲಿ ಮೊದಲನೆಯವರು. ನೀನು ಸೈಕಾಲಜಿ ಕೊಡು, ನಾನು ಆ್ಯಕ್ಷನ್ ರಿಸರ್ಚ್ ಕೊಡ್ತೀನಿ ಎನ್ನುವವರು ಎರಡನೆಯವರು. ಎಲ್ಲರೂ ಬರೀತಿರೋವಾಗ ನಾನೊಬ್ಬಳೇ ಬೇರೆ ಮಾಡಿದರೆ ಏನಂದುಕೊಳ್ಳುತ್ತಾರೆ ಎಂಬುದು ಮೂರನೆಯದು. ಕಡೆಯ ದಿನಾಂಕ ಎಂದ ಮೇಲೆ ಕಡೆಯ ದಿನಾಂಕ ಎಂಬುದು ನಾಲ್ಕನೆಯದು. ಐದು, ಆರಕ್ಕೆ ಏರಿದವರು ಜೂನಿಯರ್‌ಗೂ ದಾನ ಮಾಡುತ್ತಾರೆ. ಹೀಗೆ ‘ಹಿಂದುಳಿದ ಬಾಲಕ ಮಂಜು’ವಿನ ಅಧ್ಯಯನ ಬ್ಯಾಚಿನಿಂದ ಬ್ಯಾಚಿಗೆ ಸಾಗುತ್ತ ಬಂದಿದೆ. ಹುಡುಗ ಇನ್ನೂ ನಾಲ್ಕನೇ ತರಗತಿಯಲ್ಲೇ ಇದ್ದಾನೆ.

ಸಾಮಾಜಿಕ ವಿಕಾಸಕ್ಕೆ ವೈಗಾಟ್ಸ್ಕಿ. ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿ, ಕ್ಷಯದಿಂದ 37ಕ್ಕೇ ತೀರಿಕೊಂಡವನು. ಮಗುವಿನ ಯೋಚನೆ ಬೆಳೆಯುವುದು ಬೇರೆಯವರ ಜೊತೆಗಿನ ಮಾತಿನಲ್ಲಿ. ಲೆಕ್ಕ ಬಿಡಿಸುತ್ತ ಮಗು ತನ್ನಷ್ಟಕ್ಕೇ ಗೊಣಗಿಕೊಳ್ಳುತ್ತದಲ್ಲ, ಆ ಮಾತೇ ಒಳಗಿಳಿದು ಯೋಚನೆಯಾಗುತ್ತದೆ ಎಂದವನು. 1936ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷ ಅವನು ತೊಡಗಿದ್ದ ಮಕ್ಕಳ ಅಧ್ಯಯನದ ಶಾಖೆಯ ವಿರುದ್ಧವೇ ನಿರ್ಣಯ ಹೊರಡಿಸಿತು. ಅವನ ಬರಹ ಸುಮಾರು ಎರಡು ದಶಕ ಮೂಲೆ ಸೇರಿತು. ಒರಟು ಜನ. ನಾವು ಅವನನ್ನು ನಿಷೇಧಿಸಲಿಲ್ಲ, ಪಠ್ಯಕ್ರಮಕ್ಕೆ ಸೇರಿಸಿದೆವು. ಪರಿಣಾಮ ಅಷ್ಟೇ ಚೆನ್ನಾಗಿದೆ.

ಅನುಮಾನವಿದ್ದರೆ ಮೇಷ್ಟ್ರು ಆಫೀಸಿಗೆ ಹೋದಾಗಿನ ತರಗತಿಯ ಕಪ್ಪುಹಲಗೆ ನೋಡಿ. ಎಡತುದಿಯಲ್ಲಿ ‘ಮಾತಾಡಿದವರು’ ಎಂಬ ತಲೆಬರಹ, ಕೆಳಗೆ ಅಡ್ಡಗೆರೆ, ಹೆಸರುಗಳು. ಎರಡನೇ ಸಲ ಮಾತಾಡಿದವರ ಮುಂದೆ ಒಂದು ಇಂಟು, ಮೂರನೇ ಸಲಕ್ಕೆ ಇನ್ನೊಂದು. ಸೀಮೆಸುಣ್ಣ ಮಾನಿಟರ್ ಕೈಯಲ್ಲಿ. ಒಂದು ಪೆಪ್ಪರ್‌ಮಿಂಟಿಗೆ ಒಂದು ಇಂಟು ಅಳಿಯುತ್ತದೆ, ಎರಡಕ್ಕೆ ಹೆಸರೇ ಹೋಗುತ್ತದೆ. ತನ್ನ ಗೆಳೆಯನ ಹೆಸರನ್ನು ಮಾನಿಟರ್ ಮೊದಲಿಗೇ ಬರೆದಿರುವುದಿಲ್ಲ. ಅಧಿಕಾರ, ಗುಂಪು, ದರ, ವಶೀಲಿ ಎಲ್ಲ ಹತ್ತೇ ನಿಮಿಷದಲ್ಲಿ, ಪಾಠೋಪಕರಣದ ಖರ್ಚಿಲ್ಲದೆ. ಸಾಮಾಜಿಕ ವಿಕಾಸ ಆಗುತ್ತಿಲ್ಲ ಎಂದವರು ಯಾರು?

ಇಂಥ ತರಗತಿಗಳಿರುವ ಶಾಲೆಯೊಂದಕ್ಕೆ ಅಭ್ಯಾಸಪಾಠ ಮಾಡಲು ಬಂದ ಪ್ರಶಿಕ್ಷಣಾರ್ಥಿಯೊಬ್ಬಳು ಮೂರನೇ ತರಗತಿಗೆ 27ಕ್ಕೆ 15 ಕೂಡಲು ಹೇಳಿದಳೆಂದು ಇಟ್ಟುಕೊಳ್ಳಿ. ಹುಡುಗಿಯೊಬ್ಬಳ ಸ್ಲೇಟಿನಲ್ಲಿ ಉತ್ತರ 312. ತಪ್ಪು ಗೀಚಿ ಮುಂದೆ ಹೋಗಬೇಕಾದವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹೇಗೆ ಬಂತು ಪುಟ್ಟಿ ಎಂದು ಕೇಳಿದಳು.

“ಏಳೂ ಐದೂ ಹನ್ನೆರಡು ಮಿಸ್. ಬರ್ದೆ. ಎರಡೂ ಒಂದೂ ಮೂರು. ಬರ್ದೆ.”

“ಇಲ್ಲಿ ಎರಡು ಮಾತ್ರ ಬರೀಬೇಕಲ್ವಾ?”

“ಮತ್ತೆ ಒಂದು ಎಲ್ಲಿಗ್ ಹೋಗತ್ತೆ?”

ಅದಕ್ಕೆ ಉತ್ತರ ಕೊಡಲು ಕಡ್ಡಿ ಬೇಕಾಯಿತು, ಕಟ್ಟು ಬೇಕಾಯಿತು, ಅಕ್ಕಪಕ್ಕದ ನಾಲ್ವರು ಬಗ್ಗಿ ನೋಡಿದರು, ಇಬ್ಬರು ವಾದಕ್ಕಿಳಿದರು, ಗಂಟೆ ಹೊಡೆಯಿತು. ಹಿಂದಿನ ಬೆಂಚಿನಿಂದ ವೀಕ್ಷಕರ ಷರಾ ಕೆಂಪು ಶಾಯಿಯಲ್ಲಿ ಬಂತು: ‘ತರಗತಿ ನಿಯಂತ್ರಣ ಸಾಲದು. ಸಮಯ ಪಾಲನೆ ಇಲ್ಲ. ಚಾರ್ಟ್ ಬಳಸಿಲ್ಲ.’

ಮುಂದಿನ ಪಾಠಕ್ಕೆ ಅವಳು ಅಂಚಿಗೆಲ್ಲ ಮಿಂಚುಕಾಗದ ಅಂಟಿಸಿದ ಚಾರ್ಟ್ ತಂದಳು, ಸರಿ ಉತ್ತರ ಗೊತ್ತಿದ್ದ ಮೂವರನ್ನೇ ಕೇಳಿದಳು, ಎರಡು ನಿಮಿಷ ಮೊದಲೇ ಮುಗಿಸಿದಳು. ‘ಗಮನಾರ್ಹ ವಿಕಾಸ ಕಂಡುಬಂದಿದೆ’ ಎಂದು ವೀಕ್ಷಕರು ಬರೆದು ಸಹಿ ಮಾಡಿದರು.