ಎತ್ತಿಲ್ಲದ ಬಂಡಿ

ಅಮೆರಿಕದಿಂದ ತಂಗಿ ಬಂದಾಗಲೆಲ್ಲ ಚಾಕಲೇಟು ಬರುತ್ತಿತ್ತು. ಈ ಸಲದ ಡಿಸೆಂಬರ್ ರಜೆಯಲ್ಲಿ ಒಂದು ಕಟ್ಟಿಗೆ ತುಂಡು ಬಂತು. ಏಳು ಇಂಚು ಉದ್ದದ ಪೈನ್ ಮರ, ಜೊತೆಗೆ ನಾಲ್ಕು ಪ್ಲಾಸ್ಟಿಕ್ ಗಾಲಿ, ನಾಲ್ಕು ಮೊಳೆ. ಜಾಲಿ, ಬೇವಿಗೆ ಬರವಿಲ್ಲದ ಕೊಡೇಕಲ್ಲಿಗೆ ಏಳು ಸಮುದ್ರ ದಾಟಿಸಿ ಕಟ್ಟಿಗೆ ತಂದವಳು ಇವಳೊಬ್ಬಳೇ ಇರಬೇಕು.

"ಮಾಮಾ, ಇದರೊಳಗ ರೇಸ್ ಕಾರ್ ಅದ. ಹೊರಗ ತೆಗೀಬೇಕು" ಎಂದ ಒಂಬತ್ತು ವರ್ಷದ ಅಳಿಯ. ಉಚ್ಚಾರ ಅಮೆರಿಕದ್ದು, ಕನ್ನಡ ನಮ್ಮೂರಿನದೇ.

ಆಮೇಲೆ ಒಂದೊಂದೇ ನಿಯಮ ಹೇಳಿದ. ಎಂಜಿನ್ ಇರಬಾರದು. ಬ್ಯಾಟರಿ ಇರಬಾರದು. ತೂಕ ಐದು ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಕೈಯಿಂದ ದಬ್ಬಿದರೆ ಔಟ್. ಇಳಿಜಾರಿನ ಮೇಲೆ ಬಿಟ್ಟರೆ ತಾನಾಗಿಯೇ ಓಡಬೇಕು. 1953ರಲ್ಲಿ ಕ್ಯಾಲಿಫೋರ್ನಿಯಾದ ಡಾನ್ ಮರ್ಫಿ ಎಂಬವರು ಈ ಆಟ ಶುರು ಮಾಡಿದರಂತೆ. ಮಕ್ಕಳು ಒಳಗೆ ಕೂತು ಇಳಿಯುವ ದೊಡ್ಡ ಗಾಡಿಯ ಸ್ಪರ್ಧೆಗೆ ಅವರ ಹತ್ತು ವರ್ಷದ ಮಗ ಚಿಕ್ಕವನಾದ. ಮಗನ ಮುಖ ನೋಡಲಾರದೆ ಅಪ್ಪ ಗಾಡಿಯನ್ನೇ ಚಿಕ್ಕದು ಮಾಡಿದ.

"ಇಷ್ಟೇ ಏನಪ?" ಎಂದು ನಕ್ಕೆ. "ನಾನು ಈ ಊರಿನ ಬೇರಿಂಗ್ ಗಾಡಿ ಚಾಂಪಿಯನ್ ಅಂತ ಗೊತ್ತೇನು?"

ಇದು ಪೂರ್ತಿ ಸುಳ್ಳಲ್ಲ. ನಾರಾಯಣಪುರದ ಬಸವಸಾಗರ ಆಣೆಕಟ್ಟು ಮುಗಿದದ್ದು 1982ರಲ್ಲಿ. ಆಮೇಲೂ ನಡೆದಿದ್ದ ಕಾಲುವೆ ಕೆಲಸದ ಟಿಪ್ಪರುಗಳ ಸವೆದ ಬೇರಿಂಗು ಗ್ಯಾರೇಜಿನ ಮುಂದೆ ಬಿದ್ದಿರುತ್ತಿದ್ದ ಕಾಲ ಅದು. ಒಂದು ಹಲಗೆ, ಎರಡು ಅಡ್ಡಪಟ್ಟಿ, ಮೂರು ಬೇರಿಂಗು, ತಿರುಗಿಸಲು ಒಂದು ಹಗ್ಗ. ಗುಡ್ಡದ ಕಡೆಯ ಇಳುಕಲಿನಲ್ಲಿ ಕೂತರೆ ಕಿವಿ ಗಡಚಿಕ್ಕುವ ಸದ್ದು. ಬ್ರೇಕು ಎಂದರೆ ಮೊಣಕಾಲಿನ ಚರ್ಮ.

ಕಟ್ಟಿಗೆ ತುಂಡು, ಕಾರಿನ ಚಿತ್ರ ಹಿಡಿದು ಬಡಿಗೇರ ಕಾಕಾನ ಹತ್ತಿರ ಹೋದೆವು. ಅವರು ರಂದಾ ಕೆಳಗಿಟ್ಟು ಚಿತ್ರ ನೋಡಿದರು.

"ಎತ್ತು ಎಲ್ಲಿ ಕಟ್ಟತೀರಿ?"

ಅವರ ತಪ್ಪಲ್ಲ. ನಮ್ಮದು ದನ ನಂಬಿದ ಊರು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿದ್ದವರು ದನದ ಸಗಣಿ ಒಟ್ಟಿ ಸುಟ್ಟ ಬೂದಿದಿಬ್ಬವನ್ನು ಪುರಾತತ್ವಜ್ಞ ಕೆ. ಪದ್ದಯ್ಯನವರು ಅಗೆದು ತೋರಿಸಿದ್ದಾರೆ. ಇಂಥ ಊರಿನಲ್ಲಿ ಗಾಲಿ ಕಂಡರೆ ಎತ್ತನ್ನು ಕೇಳದೆ ಇರುತ್ತಾರೆಯೇ?

"ಎತ್ತಿಲ್ಲ ಕಾಕಾ, ಎಂಜಿನ್ನೂ ಇಲ್ಲ. ಭೂಮಿ ಎಳೀತದ."

"ಭೂಮಿ ಎಲ್ಲಾರನ್ನೂ ಎಳೀತದಪ. ಆದ್ರ ಒಮ್ಮಿ."

ಎಡದಂಡೆ ಕಾಲುವೆಯ ನೀರು ಪಂಪಿಲ್ಲದೆ ಶಹಾಪುರದ ಕಡೆ ಹರಿಯುವುದನ್ನು ಉದಾಹರಣೆ ಕೊಟ್ಟ ಮೇಲೆ ಒಪ್ಪಿದರು. ಕಾಲುವೆಯ ಕೊನೆಯಂಚಿನ ರೈತರನ್ನು ಕೇಳಿದ್ದರೆ ಗುರುತ್ವ ಬಲದ ಬಗ್ಗೆ ಬೇರೆ ಅಭಿಪ್ರಾಯ ಬರುತ್ತಿತ್ತೇನೋ. ಪಕ್ಕದ ಕಟ್ಟೆಯಲ್ಲಿ ಕೂತಿದ್ದ ಹಿರಿಯರೊಬ್ಬರು, "ಎತ್ತಿಲ್ಲದ ಬಂಡಿ! ಬಸವಣ್ಣನ ಕಾಲಜ್ಞಾನದಾಗ ಇದೂ ಇದ್ದೇ ಇರತದ" ಎಂದರು. ಕೊಡೇಕಲ್ ಬಸವಣ್ಣನ ಊರಲ್ಲಿ ನಿಂತು ಎಲ್ಲಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಾರಿನ ಆಕಾರವೇನೋ ಬಂತು. ತೂಗಿಸಲು ಪತ್ತಾರರ ಅಂಗಡಿಗೆ ಹೋದರೆ ತಕ್ಕಡಿ 118 ಗ್ರಾಂ ತೋರಿಸಿತು. ಇನ್ನೂ 24 ಗ್ರಾಂ ಬೇಕು. "ಎರಡು ತೊಲಿ ಮ್ಯಾಲ ಚೂರು. ಬಂಗಾರ ಹಾಕ್ಲೇನ್ರಿ?" ಎಂದರು ಪತ್ತಾರರು, ಒಂಚೂರೂ ನಗದೆ. ಟ್ರ್ಯಾಕ್ಟರಿನ ಹಳೆಯ ನಟ್ಟು ನಮ್ಮ ಮಾನ ಕಾಯಿತು.

ನಟ್ಟು ಎಲ್ಲಿ ಕೂರಿಸುವುದು ಎಂಬುದರ ಮೇಲೆ ಯುದ್ಧವೇ ಆಯಿತು. ಹಿಂದಕ್ಕೆ ಎಂದ ಅಳಿಯ. ಇಳಿಜಾರಿನಲ್ಲಿ ಕಾರಿನ ಹಿಂಬದಿಯೇ ಮೇಲಿರುತ್ತದೆ. ಭಾರ ಅಲ್ಲಿದ್ದರೆ ಅದು ಇಳಿಯುವ ಎತ್ತರ ಹೆಚ್ಚು, ವೇಗವೂ ಹೆಚ್ಚು. ಕಾಕಾ ಸುತರಾಂ ಒಪ್ಪಲಿಲ್ಲ. "ಹಿಂಭಾರ ಆದ್ರ ನೊಗ ಮ್ಯಾಲೇಳತದ, ಎತ್ತಿನ ಕೊರಳಿಗೆ ಬಿಗೀತದ." ಎತ್ತೇ ಇಲ್ಲ ಎಂದು ಮತ್ತೊಮ್ಮೆ ನೆನಪಿಸಬೇಕಾಯಿತು.

ಸೋತ ಕಾಕಾ ಸೇಡು ತೀರಿಸಿಕೊಂಡದ್ದು ಕೀಲೆಣ್ಣೆಯಲ್ಲಿ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಪ್ರೀತಿಯಿಂದ ನಾಲ್ಕೂ ಗಾಲಿಗೆ ಮೆತ್ತಿಬಿಟ್ಟಿದ್ದರು. ಮನೆಯಂಗಳದಲ್ಲಿ ಕಟ್ಟೆಗೆ ತಗಡು ಆನಿಸಿ ಕಾರು ಬಿಟ್ಟರೆ, ಅದು ಅರ್ಧ ದಾರಿಯಲ್ಲಿ ನಿಂತು ಊರಿನ ಧೂಳನ್ನೆಲ್ಲ ಮೈಗೆ ಹಚ್ಚಿಕೊಂಡಿತು. ಗೇಣುದ್ದದ ಕಾರಿಗೆ ಬಂಡಿಯ ಜಿಡ್ಡು ಆಗಿಬರುವುದಿಲ್ಲ. ಗಾಲಿ ಬಿಚ್ಚಿ, ಒರೆಸಿ, ಮೊಳೆಯನ್ನು ಮರಳು ಕಾಗದದಲ್ಲಿ ತಿಕ್ಕಿ ನುಣ್ಣಗೆ ಮಾಡಿ, ಪೆನ್ಸಿಲಿನ ಕಡ್ಡಿ ಅರೆದು ಪುಡಿ ಉದುರಿಸಿದೆವು. ಅದು ಗ್ರಾಫೈಟು, ಜಾರಿಸುತ್ತದೆ, ಅಂಟುವುದಿಲ್ಲ.

ಈ ಸಲ ಕಾರು ಸರ್ರನೆ ಇಳಿದು ಅಂಗಳ ದಾಟಿ ಬಚ್ಚಲ ಮೋರಿಯ ಹತ್ತಿರ ನಿಂತಿತು. ನಾನು ಮೀಸೆ ತಿರುವಿದೆ. "ಬೇರಿಂಗ್ ಗಾಡಿ ಇದಕ್ಕಿಂತ ಜೋರಿತ್ತು."

"ಶುರುವಿಗೆ ಯಾರಾದ್ರೂ ದಬ್ಬತಿದ್ರೇನು ಮಾಮಾ?"

"ನಿಮ್ಮವ್ವ."

"ಹಂಗಾದ್ರ ನೀವು ಔಟ್. ಎಲ್ಲಾ ರೇಸೂ."

ಮೂವತ್ತು ಚಿಲ್ಲರೆ ವರ್ಷ ಕಾಪಾಡಿಕೊಂಡು ಬಂದಿದ್ದ ಪದವಿ ಒಂದೇ ಮಾತಿಗೆ ಹೋಯಿತು. ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ತಂಗಿ ತಲೆ ಎತ್ತದೆಯೇ ಹೇಳಿದಳು: "ದಬ್ಬೂದು ಅತ್ಲಾಗಿರ್ಲಿ. ಇಳಿದ ಗಾಡಿ ತಿರುಗಿ ಮ್ಯಾಲಕ್ಕ ಎಳಕೊಂಡು ಬರತಿದ್ದವರು ಯಾರು, ಕೇಳು."

ಅಳಿಯ ನನ್ನ ಮುಖ ನೋಡಿದ. ನಾನು ಮೋರಿಯ ಕಡೆ ನೋಡಿದೆ. ಇಳಿಸುವ ಕೆಲಸ ಭೂಮಿ ಪುಕ್ಕಟೆ ಮಾಡಿಕೊಡುತ್ತದೆ. ಏರಿಸುವುದಕ್ಕೆ ನನಗೆ ಬಾಲ್ಯವಿಡೀ ಒಬ್ಬ ತಂಗಿ ಇದ್ದಳು. ಒಮ್ಮೆ ಕೂರುತ್ತೇನೆಂದು ಅಂಗಲಾಚಿದರೆ "ನಾಳೆ" ಎನ್ನುತ್ತಿದ್ದೆ.

"ಅಣ್ಣಾ, ಕಾರು ತಗೊಂಡು ಬಾ" ಎಂದಳು.

ತಂದೆ. ಆ ಸಂಜೆ ಹದಿನೇಳು ಸಲ ತಂದೆ. ಸೊಂಟ ಹಿಡಿಯಿತು, ಲೆಕ್ಕ ಮುಗಿಯಲಿಲ್ಲ. ಬಾಕಿ ಇನ್ನೂ ಬಹಳ ಇದೆಯಂತೆ. ಬರುವ ಡಿಸೆಂಬರಿಗೂ ಅವಳು ಟಿಕೆಟ್ ತೆಗೆಸಿದ್ದಾಳೆ.