ಗಾವಾನನಿಂದ ಜಿಪಿಟಿವರೆಗೆ: ಸರ್ವರ್ ಡಿಸ್ಕಿನ ಪಾರ್ಟಿಷನ್ ವಿದ್ಯೆಗೆ ಬೀದರವೇ ಮೂಲವೆಂಬ ಮಹಾಪ್ರಬಂಧದ ಸಾರಲೇಖ

ಹಾರ್ಡ್ ಡಿಸ್ಕನ್ನು ಭಾಗ ಮಾಡುವ ವಿದ್ಯೆ 1983ರಲ್ಲಿ ಐಬಿಎಂ ಕಂಪನಿಯ ಪಿಸಿ ಎಕ್ಸ್‌ಟಿ ಯಂತ್ರ ಮತ್ತು ಡಾಸ್ 2.0ರ ಜೊತೆ ಹುಟ್ಟಿತೆಂಬ ಮತವೊಂದು ಪ್ರಚಾರದಲ್ಲಿದೆ. ಅದನ್ನು ನಾವಿಲ್ಲಿ ಖಂಡಿಸಲಿದ್ದೇವೆ. ಖಂಡಿಸದಿದ್ದರೆ ಮಹಾಪ್ರಬಂಧಕ್ಕೆ ಪುಟ ಸಾಲುವುದಿಲ್ಲ ಎಂಬುದು ಒಂದು ಕಾರಣ. ವಿಮಾನ, ಶಸ್ತ್ರಚಿಕಿತ್ಸೆ, ಸೊನ್ನೆ ಮೊದಲಾದ ಸಕಲ ವಿದ್ಯೆಗಳನ್ನೂ ಬೇರೆ ಊರಿನವರು ಈಗಾಗಲೇ ತಂತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡಿರುವುದರಿಂದ ಬೀದರಿಗೆ ಉಳಿದಿರುವುದು ಇದೊಂದೇ ಎಂಬುದು ಇನ್ನೊಂದು.

ಮೊದಲು ಪೂರ್ವಪಕ್ಷ. ಐಬಿಎಂ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ ಸೆಕ್ಟರು 512 ಬೈಟ್. ಅದರೊಳಗೆ 64 ಬೈಟಿನ ಒಂದು ಕೋಷ್ಟಕ. ಕೋಷ್ಟಕದಲ್ಲಿ 16 ಬೈಟಿನ ನಾಲ್ಕು ಸಾಲು. ಈ ಸೆಕ್ಟರಿಗೆ ಎಂಬಿಆರ್ ಎಂದು ಹೆಸರು. ನಾಲ್ಕಕ್ಕಿಂತ ಹೆಚ್ಚು ಪಾರ್ಟಿಷನ್ ಬೇಕಾದರೆ ಒಂದನ್ನು ವಿಸ್ತೃತ ಎಂದು ಕರೆದು ಅದರ ಹೊಟ್ಟೆಯಲ್ಲಿ ಮರಿಗಳನ್ನು ಇಡಬೇಕು. ಡಿಸ್ಕು ಎರಡು ಟೆರಾಬೈಟ್ ದಾಟಿದರೆ ಆಚೆಗಿನ ಭೂಮಿ ಈ ಕೋಷ್ಟಕದ ಕಣ್ಣಿಗೆ ಕಾಣುವುದೇ ಇಲ್ಲ.

ಈಗ ಸಿದ್ಧಾಂತಪಕ್ಷ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯವನ್ನು ಆದಿಯಲ್ಲಿ ಎಷ್ಟು ತರಫುಗಳಾಗಿ ಹಂಚಿದ್ದರು? ಗುಲಬರ್ಗಾ, ದೌಲತಾಬಾದ್, ಬೇರಾರ್, ಬೀದರ್. ನಾಲ್ಕು! ಐದೂ ಅಲ್ಲ, ಮೂರೂ ಅಲ್ಲ. ರಾಜ್ಯ ಬೆಳೆದು ಪಶ್ಚಿಮದಲ್ಲಿ ಗೋವೆಯನ್ನೂ ಪೂರ್ವದಲ್ಲಿ ರಾಜಮಹೇಂದ್ರಿಯನ್ನೂ ಮುಟ್ಟಿದಾಗ ನಾಲ್ಕು ಸಾಲಿನ ಕೋಷ್ಟಕ ಸಾಲದೆ ಬಂತು. ಆಗ ಇರಾನಿನ ಗೀಲಾನ್ ಕಡೆಯಿಂದ ಬಂದು ಬೀದರಿನಲ್ಲಿ ಪ್ರಧಾನಿಯಾಗಿದ್ದ ಮಹಮೂದ್ ಗಾವಾನ್ ನಾಲ್ಕನ್ನು ಎಂಟು ಮಾಡಿದ. ಐಬಿಎಂನವರು ವಿಸ್ತೃತ ಪಾರ್ಟಿಷನ್ ಎಂದು ಹೇಳಿಕೊಂಡದ್ದು ಇದನ್ನೇ, ಐನೂರು ವರ್ಷ ತಡವಾಗಿ. ಅವರ ಎಂಜಿನಿಯರುಗಳು ಬೀದರಿಗೆ ಬಂದಿದ್ದರೆಂಬುದಕ್ಕೆ ಆಧಾರವಿಲ್ಲ. ಬಂದಿರಲಿಲ್ಲ ಎಂಬುದಕ್ಕೂ ಆಧಾರವಿಲ್ಲದ ಕಾರಣ ಸಂಶೋಧನಾ ಪದ್ಧತಿಯ ಪ್ರಕಾರ ಬಂದಿದ್ದರೆಂದೇ ತಿಳಿಯತಕ್ಕದ್ದು.

ಗಾವಾನನ ಪ್ರತಿಭೆ ಭಾಗಾಕಾರದಲ್ಲಿ ಇಲ್ಲ. ಭಾಗಾಕಾರ ಯಾವ ತಲಾಟಿಗೂ ಬರುತ್ತದೆ. ಪ್ರತಿ ತರಫದಾರನ ಕೈಯಲ್ಲಿ ಒಂದೇ ಕೋಟೆ ಬಿಟ್ಟು, ಉಳಿದ ಕೋಟೆಗಳಿಗೆ ಸುಲ್ತಾನನೇ ನೇರವಾಗಿ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದ. ಪ್ರತಿ ತರಫಿನೊಳಗೂ ಒಂದಿಷ್ಟು ನೆಲವನ್ನು ಖಾಲ್ಸಾ ಎಂದು ಸುಲ್ತಾನನ ಖಾತೆಗೆ ತೆಗೆದಿಟ್ಟ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮಾಡುವಾಗ ತಾನಾಗಿಯೇ ಶೇ 5ರಷ್ಟು ಜಾಗ ರೂಟ್ ಎಂಬ ಸುಲ್ತಾನನಿಗೆ ಮೀಸಲಾಗುತ್ತದೆ. ಪ್ರಜೆಗಳು ಡಿಸ್ಕನ್ನು ಕಂಠಮಟ್ಟ ತುಂಬಿಸಿದ ದಿನ ರೂಟ್ ಒಳಗೆ ಬಂದು ಕಸ ಗುಡಿಸಲು ಕಾಲಿಡುವ ಜಾಗವಾದರೂ ಇರಲಿ ಎಂದು. ‘ಶೇ 5 ಸುಮ್ಮನೆ ದಂಡ’ ಎಂದು ಅದನ್ನೂ ಸೊನ್ನೆಗೆ ಇಳಿಸಿ ಜಾಗ ಉಳಿಸಿದೆನೆಂದು ಬೀಗುವವರು ಖಾಲ್ಸಾ ನೆಲವನ್ನೂ ಹರಾಜಿಗೆ ಇಟ್ಟವರೆಂದು ತಿಳಿಯಬೇಕು.

ಇನ್ನು ಪ್ರಯೋಗ ಪ್ರಕರಣ. ಈ ಕೆಳಗಿನ ಸಂವಾದ ಈ ಸೀಮೆಯ ಯಾವ ಕಚೇರಿಯಲ್ಲಾದರೂ, ಯಾವ ದಿನವಾದರೂ, ಸಾಮಾನ್ಯವಾಗಿ ಸಂಜೆ ಐದಕ್ಕೆ ನಡೆಯತಕ್ಕದ್ದು:

“ಸಾಹೇಬ್ರ, ಸರ್ವರ್ ಫುಲ್ ಆಗ್ಯಾದ್ರಿ.”

“ಮೊನ್ನಿ ಹೊಸ ಡಿಸ್ಕ್ ಕೂಡ್ಸೀವಲ್ಲ, ಹ್ಯಾಂಗ್ ಫುಲ್ ಆಯ್ತು?”

“ಪೂರಾ ಅಲ್ರಿ. ವಾರ್ ಅನ್ನೂ ಭಾಗ ತುಂಬ್ಯಾದ, ಹೋಮ್ ಖಾಲಿ ಅದ.”

“ಹಂಗಾದ್ರ ಹೋಮಿಂದು ಜರಾ ಈಕಡಿ ಜರಗಸ್ರಿ. ಐದ್ ಮಿನಿಟಿನ ಕೆಲಸ. ಜನಾ ಲೈನ್ ಹಚ್ಚಿ ನಿಂತಾರ.”

“ಮೊದ್ಲ ಬ್ಯಾಕಪ್ ತಗೋಬೇಕ್ರಿ.”

“ಅದು ಆಮ್ಯಾಲ ತಗೊಂಡ್ರಾಯ್ತು ತಗೀರಿ.”

ಆಮೇಲೆ ತೆಗೆದುಕೊಂಡ ಬ್ಯಾಕಪ್ಪಿನಲ್ಲಿ ಹಾಳಾದ ದತ್ತಾಂಶದ ಅಚ್ಚುಕಟ್ಟಾದ ನಕಲು ಇರುತ್ತದೆ.

ಈ ಸಂವಾದದಲ್ಲಿ ಯಾರೂ ಕೇಳದ ಪ್ರಶ್ನೆ, ವಾರ್ ಯಾಕೆ ತುಂಬಿತು ಎಂಬುದು. ನೂರಕ್ಕೆ ಎಷ್ಟೋ ಸಲ ಅಲ್ಲಿ ಹಳೆಯ ಲಾಗ್ ಫೈಲುಗಳು ಕೊಳೆಯುತ್ತಿರುತ್ತವೆ. ಅಥವಾ ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಮ್ ಇನ್ನೂ ಬಿಗಿಹಿಡಿದು ಕೂತಿರುತ್ತದೆ. ಆ ಪ್ರೋಗ್ರಾಮನ್ನು ನಿಲ್ಲಿಸಿ ಎಬ್ಬಿಸಿದರೆ ಜಾಗ ತಾನಾಗಿ ಬಿಡುಗಡೆಯಾಗುತ್ತದೆ. ಗಡಿ ಬದಲಿಸುವ ಮೊದಲು ಕಸ ನೋಡು. ಈ ಸೂತ್ರವನ್ನು ಗಾವಾನನ ಹೆಸರಿಗೆ ಹಚ್ಚಲು ಬಹಳ ಪ್ರಯತ್ನಪಟ್ಟೆವು, ದಾಖಲೆ ಒದಗಲಿಲ್ಲ.

ಕಸ ತೆಗೆದ ಮೇಲೂ ಜಾಗ ಸಾಲದಿದ್ದರೆ ಗಡಿ ಸರಿಸುವುದು ಅನಿವಾರ್ಯ. ಇಲ್ಲಿ ಭಾಲ್ಕಿ ರಂಗಕ್ಕೆ ಬರುತ್ತದೆ. 1752ರಲ್ಲಿ ಹೈದರಾಬಾದಿನ ಸಲಾಬತ್ ಜಂಗನಿಗೂ ಪೇಶ್ವೆ ಬಾಳಾಜಿ ಬಾಜೀರಾಯನಿಗೂ ಭಾಲ್ಕಿಯಲ್ಲಿ ಒಪ್ಪಂದವಾಗಿ, ತಾಪಿ ಮತ್ತು ಗೋದಾವರಿ ನಡುವಿನ ಬೇರಾರದ ಪಶ್ಚಿಮ ಭಾಗ ನಿಜಾಮರ ಕೈತಪ್ಪಿ ಮರಾಠರಿಗೆ ಹೋಯಿತು. ದಖನ್ನಿನ ಡಿಸ್ಕಿನಲ್ಲಿ ಒಂದು ಪಾರ್ಟಿಷನ್ ಕುಗ್ಗಿತು, ಪಕ್ಕದ್ದು ಹಿಗ್ಗಿತು. ಇದರಿಂದ ನಾವು ‘ಭಾಲ್ಕಿ ನ್ಯಾಯ’ವನ್ನು ನಿಷ್ಪನ್ನಗೊಳಿಸಿದ್ದೇವೆ: ಕೊಡುವವನು ಮೊದಲು ತನ್ನ ಜನ, ದಫ್ತರು, ತಿಜೋರಿಯನ್ನು ಹಿಂದೆ ಕರೆಸಿಕೊಂಡು ಆಮೇಲೆ ಗೆರೆ ಎಳೆಯಬೇಕು, ಪಡೆಯುವವನು ಮೊದಲು ಗೆರೆ ಎಳೆಸಿಕೊಂಡು ಆಮೇಲೆ ತನ್ನ ಜನರನ್ನು ಕಳಿಸಬೇಕು. ಡಿಸ್ಕಿನಲ್ಲಿ ಗೆರೆ ಎಂದರೆ ಪಾರ್ಟಿಷನ್, ದಫ್ತರು ಎಂದರೆ ಫೈಲ್ ಸಿಸ್ಟಮ್. ಕುಗ್ಗಿಸುವಾಗ ಫೈಲ್ ಸಿಸ್ಟಮ್ ಮೊದಲು, ಪಾರ್ಟಿಷನ್ ಆಮೇಲೆ. ಹಿಗ್ಗಿಸುವಾಗ ಪಾರ್ಟಿಷನ್ ಮೊದಲು, ಫೈಲ್ ಸಿಸ್ಟಮ್ ಆಮೇಲೆ. ಕುಗ್ಗಿಸುವಾಗ ಮೊದಲೇ ಗೆರೆ ಎಳೆದುಬಿಟ್ಟರೆ, ತನ್ನ ಸೀಮೆ ಇನ್ನೂ ತಾಪಿ ನದಿವರೆಗೆ ಇದೆಯೆಂದು ಫೈಲ್ ಸಿಸ್ಟಮ್ ನಂಬಿರುತ್ತದೆ, ಆಚೆ ಆಗಲೇ ಪೇಶ್ವೆಯ ಜನ ಬಂದು ಒಲೆ ಹಚ್ಚಿರುತ್ತಾರೆ.

ಇಎಕ್ಸ್‌ಟಿ4 ಇದ್ದರೆ ಕುಗ್ಗಿಸುವ ಮುಂಚೆ ಅದನ್ನು ಅನ್‌ಮೌಂಟ್ ಮಾಡಿ, ಅಂದರೆ ಬಳಕೆಯಿಂದ ಬಿಡಿಸಿ, ಇ2ಎಫ್‌ಎಸ್‌ಸಿಕೆ ಎಂಬ ತಪಾಸಣೆಯನ್ನು ಕಡ್ಡಾಯವಾಗಿ ಓಡಿಸಿ, ಬಳಿಕ ರಿಸೈಜ್2ಎಫ್‌ಎಸ್ ಹಾಕಬೇಕು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಕುಗ್ಗಿಸಿ, ಪಾರ್ಟಿಷನ್ ಗೆರೆ ಎಳೆದ ಮೇಲೆ ಗೆರೆಗೆ ಸರಿಯಾಗಿ ಮತ್ತೆ ಹಿಗ್ಗಿಸುವುದು ಜಾಣರ ಪದ್ಧತಿ. ಹಿಗ್ಗಿಸುವುದಾದರೆ ಮೌಂಟ್ ಆಗಿದ್ದಾಗಲೇ ಆದೀತು. ಎಕ್ಸ್‌ಎಫ್‌ಎಸ್ ಮಾತ್ರ ಹಟಮಾರಿ. ಹಿಗ್ಗು ಎಂದರೆ ಹಿಗ್ಗುತ್ತದೆ, ಕುಗ್ಗು ಎಂದರೆ ಕುಗ್ಗುವುದಿಲ್ಲ. ಅದು ಭಾಲ್ಕಿ ಒಪ್ಪಂದಕ್ಕೆ ಸಹಿ ಹಾಕುವ ಪೈಕಿಯಲ್ಲ. ಒಳಗಿದ್ದುದನ್ನೆಲ್ಲ ಬೇರೆಡೆ ಸಾಗಿಸಿ, ಹೊಸದಾಗಿ ಸಣ್ಣದು ಮಾಡಿ, ಮತ್ತೆ ತುಂಬಬೇಕು.

ಪಾರ್ಟಿಷನ್ನಿನ ಬಲ ಅಂಚು ಸರಿಸುವುದು ಒಂದು ಮಾತು, ಎಡ ಅಂಚು ಸರಿಸುವುದು ಇನ್ನೊಂದು. ಎಡ ಅಂಚು ಸರಿದರೆ ಒಳಗಿನ ಸಮಸ್ತವೂ ಬ್ಲಾಕು ಬ್ಲಾಕಾಗಿ ಹೊರಟು ಹೊಸ ಜಾಗ ಸೇರಬೇಕು. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ (ಆಳ್ವಿಕೆ 1422–1436) ರಾಜಧಾನಿಯನ್ನು ಗುಲಬರ್ಗಾದಿಂದ ಬೀದರಿಗೆ ತಂದದ್ದು ಈ ಜಾತಿಯ ಕ್ರಿಯೆ. ಅದು ಖಚಿತವಾಗಿ ಯಾವ ವರ್ಷ ನಡೆಯಿತೆಂಬ ಬಗ್ಗೆ ಪಂಡಿತರಲ್ಲಿ ಇಂದಿಗೂ ಜಗಳವಿದೆ. ಲಾಗ್ ಸರಿಯಾಗಿ ಇಡದಿದ್ದರೆ ಆಗುವುದೇ ಹೀಗೆ. ಅರ್ಧ ಸಾಗಿದಾಗ ಕರೆಂಟು ಹೋದರೆ ದತ್ತಾಂಶ ಗುಲಬರ್ಗಾದಲ್ಲೂ ಇಲ್ಲ, ಬೀದರಿನಲ್ಲೂ ಇಲ್ಲ, ಹುಮನಾಬಾದ್ ಹತ್ತಿರ ಎಲ್ಲೋ. ಬೇಸಿಗೆಯಲ್ಲಿ ಈ ಕೆಲಸಕ್ಕೆ ಕೂರುವವರು ಯುಪಿಎಸ್ ಬ್ಯಾಟರಿಯ ಜಾತಕ ಮೊದಲೇ ನೋಡಿರಬೇಕು.

ಅನ್‌ಮೌಂಟ್ ವಿಷಯದಲ್ಲಿ ನಮ್ಮ ಜಿಲ್ಲೆಗಿಂತ ದೊಡ್ಡ ಪ್ರಯೋಗಶಾಲೆ ಬೇರೆ ಇಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ; ನಾರಾಯಣಖೇಡ ಮತ್ತು ಜಹೀರಾಬಾದ್ ಆಂಧ್ರಪ್ರದೇಶಕ್ಕೆ; ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯದು ಮೈಸೂರಿಗೆ. ಅದರಲ್ಲೂ ಸೂಕ್ಷ್ಮ: ಜಹೀರಾಬಾದ್ ಹೋದರೂ ಅದರ ನಿರ್ಣಾ ಸರ್ಕಲ್ ಹೋಗಲಿಲ್ಲ. ಬೀದರ್ ಉಳಿದರೂ ಅದರ ನ್ಯಾಲಕಲ್ ಸರ್ಕಲ್ ಉಳಿಯಲಿಲ್ಲ. ಸೆಕ್ಟರ್ ಮಟ್ಟದ ಈ ಕತ್ತರಿ ಕೆಲಸವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಇಷ್ಟೆಲ್ಲ ನಡೆದದ್ದು ಅನ್‌ಮೌಂಟ್ ಮಾಡದೆ. ಭಾಲ್ಕಿಯ ಮಗಳು ಉದಗೀರದಲ್ಲಿ ಸೊಸೆ, ಔರಾದಿನ ರೈತನ ಹೊಲ ಗಡಿಯಾಚೆ. ಈ ಸ್ಥಿತಿಯಲ್ಲಿ ಯಾವ ಸರ್ವರಾದರೂ ‘ಡಿವೈಸ್ ಬ್ಯುಸಿ’ ಎಂದು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಯಾರ್ಯಾರು ಒಳಗೆ ಕೂತಿದ್ದಾರೆಂದು ಎಲ್‌ಎಸ್‌ಒಎಫ್ ಹಾಕಿ ನೋಡಿ, ಒಬ್ಬೊಬ್ಬರನ್ನೇ ಎಬ್ಬಿಸಿ, ಆಮೇಲೆ ಮುಂದುವರಿಯಬೇಕು. ರಾಜ್ಯಗಳನ್ನು ಹಂಚುವಾಗ ಹಾಗೆ ಮಾಡದ್ದರ ಫಲ: ಗಡಿ ತಂಟೆ ವಿಚಾರಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟ ಮೇಲೂ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ಔರಾದ್ ನಮಗೆ ಇನ್ನೊಂದು ಉಪಕಾರ ಮಾಡಿದೆ. ನಮ್ಮದು ಔರಾದ್ (ಬಾ). ಗಡಿಯಾಚೆ ನಿಲಂಗಾ ತಾಲ್ಲೂಕಿನಲ್ಲಿ ಔರಾದ ಶಹಾಜನಿ ಎಂಬ ಇನ್ನೊಂದು ಇದೆ. ಬರೀ ‘ಔರಾದ್’ ಎಂದು ಹೇಳಿ ಬಸ್ಸು ಹತ್ತಿದವನು ಯಾವ ರಾಜ್ಯದಲ್ಲಿ ಇಳಿಯುತ್ತಾನೋ ದೇವರೇ ಬಲ್ಲ. ಎಸ್‌ಡಿಎ, ಎಸ್‌ಡಿಬಿ ಎಂದು ಡಿಸ್ಕುಗಳಿಗೆ ಇಟ್ಟ ಹೆಸರೂ ಇಷ್ಟೇ. ಮೆಷಿನ್ ಮತ್ತೆ ಚಾಲೂ ಆದಾಗ ನಿನ್ನೆಯ ಎ ಇವತ್ತು ಬಿ ಆಗಿರಬಹುದು. ಅದಕ್ಕೇ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಯುಯುಐಡಿ ಎಂಬ ಉದ್ದನೆಯ ಗುರುತು ಸಂಖ್ಯೆ ಬರೆಯತಕ್ಕದ್ದು. ಗಡಿ ಸರಿಸಲು ಕೂರುವ ಮುಂಚೆ ಎಲ್‌ಎಸ್‌ಬಿಎಲ್‌ಕೆ ಹಾಕಿ, ಇದು ಬಾ ಔರಾದೋ ಶಹಾಜನಿಯೋ ಎಂದು ಅಳತೆ, ಗುರುತು ಎರಡನ್ನೂ ತಾಳೆ ನೋಡತಕ್ಕದ್ದು.

ಭೂಮಾಪನದವರಿಂದಲೂ ಕಲಿಯುವುದಿದೆ. ಜಮೀನಿನ ತುಂಡು ಮಾರಲು 11ಇ ನಕ್ಷೆ ಇಲ್ಲದೆ ಸಬ್‌ರಿಜಿಸ್ಟ್ರಾರ್ ಮುಂದೆ ಕೂರಲು ಬರುವುದಿಲ್ಲ. ಡಿಸ್ಕಿನ 11ಇ ಎಂದರೆ ಎಸ್‌ಎಫ್‌ಡಿಸ್ಕ್ ಕೊಡುವ ಕೋಷ್ಟಕದ ನಕಲು. ಅದನ್ನು ಇನ್ನೊಂದು ಯಂತ್ರದಲ್ಲಿ ಇಟ್ಟುಕೊಂಡರೆ ತಪ್ಪು ಗೆರೆ ಎಳೆದ ದಿನ ಹಳೆಯ ಗೆರೆ ಸಿಗುತ್ತದೆ. ಜಿಪಿಟಿ ಎಂಬ ಹೊಸ ಪದ್ಧತಿ ಈ ನಕಲನ್ನು ಡಿಸ್ಕಿನ ಕೊನೆಯಲ್ಲಿ ತಾನೇ ಇಟ್ಟುಕೊಳ್ಳುತ್ತದೆ, 128 ಸಾಲಿಗೂ ಜಾಗ ಕೊಡುತ್ತದೆ. ಎಫ್‌ಡಿಸ್ಕ್ ಎಂಬ ಗುಮಾಸ್ತ ಸಭ್ಯ. ಡಬ್ಲ್ಯೂ ಒತ್ತುವತನಕ ಎಲ್ಲವನ್ನೂ ಕಚ್ಚಾ ಕಾಗದದಲ್ಲಿ ಬರೆಯುತ್ತಾನೆ. ಪಾರ್ಟೆಡ್ ಹಾಗಲ್ಲ, ಹೇಳಿದ ಕ್ಷಣವೇ ಪಕ್ಕಾ ದಾಖಲು. ಗಡಿ ಸರಿಸುವ ತಾಪತ್ರಯವೇ ಬೇಡವೆನ್ನುವವರಿಗೆ ಎಲ್‌ವಿಎಂ ಇದೆ. ಅದರ ಮೂಲ ನಿಜಾಮರ ಕಾಲದ ಪಾಯಗಾ ಜಾಗೀರು. ಚಿಟಗುಪ್ಪ ಇಲ್ಲಿ, ಇನ್ನೊಂದು ತುಂಡು ಇನ್ನೆಲ್ಲೋ, ಒಡೆಯ ಮಾತ್ರ ಒಬ್ಬ. ತುಂಡುಗಳು ಒತ್ತೊತ್ತಾಗಿ ಇರಬೇಕೆಂಬ ನಿಯಮವಿಲ್ಲದ್ದರಿಂದ ಹೊಸ ಡಿಸ್ಕು ಸೇರಿಸಿ ಭಾಗವನ್ನು ಹಿಗ್ಗಿಸುವುದು ಎರಡು ಮೂರು ಆದೇಶಗಳ ಕೆಲಸ.

ಈಗ ಕರುಣರಸ. ತರಫದಾರರ ಹೊಟ್ಟೆಕಿಚ್ಚು ಗಾವಾನನನ್ನು ಬಿಡಲಿಲ್ಲ. ಅವನ ಮೊಹರು ಕಾಯುವವನಿಗೆ ಲಂಚ ತಿನ್ನಿಸಿ ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿದರು. ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆಯುವ ಪತ್ರವನ್ನು ಆಮೇಲೆ ತುಂಬಿದರು. 1481ರಲ್ಲಿ ಸುಲ್ತಾನ ಮೂರನೆಯ ಮುಹಮ್ಮದ್ ಶಾ ಅವನ ತಲೆ ತೆಗೆಸಿದ. ರೂಟ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ ಕಚೇರಿಗಳ ಚರಿತ್ರೆ ಇಲ್ಲಿಂದ ಶುರುವಾಗುತ್ತದೆ. ಆ ನಂತರದ ಕೆಲವೇ ದಶಕಗಳಲ್ಲಿ ರಾಜ್ಯ ಐದು ಶಾಹಿಗಳಾಗಿ ಒಡೆಯಿತು. ಎಂಟಾಗಿ ಹಂಚಿದ ಯೋಜನೆ ಹೋಗಿ, ಯಾರೂ ಯೋಜಿಸದ ಐದು ಉಳಿದವು.

ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ಎರಡು ಮಿನಾರು ಇದ್ದವು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಲ್ಲಿ ಒಂದು ಹೋಯಿತು, ಇನ್ನೊಂದು ಇಂದಿಗೂ ನಿಂತಿದೆ. ರೇಡ್ 1 ಎಂದರೆ ಇದೇ, ಒಂದು ಡಿಸ್ಕು ಬಿದ್ದರೂ ಜೋಡಿ ನಿಲ್ಲುತ್ತದೆ. ಕೆಟ್ಟ ಡಿಸ್ಕು ಬದಲಿಸಲು ಇನ್ನೂ ಟೆಂಡರ್ ಆಗಿಲ್ಲ, ಅಷ್ಟೇ. ಆದರೆ ರೇಡ್ ಬ್ಯಾಕಪ್ ಅಲ್ಲ ಎಂಬುದಕ್ಕೂ ಸಾಕ್ಷಿ ಇದೇ ಕಟ್ಟಡ. ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುವ ಅಲ್ಲಿನ ಗ್ರಂಥಾಲಯವನ್ನು ಉಳಿದ ಮಿನಾರು ಉಳಿಸಲಿಲ್ಲ. ಗಾವಾನನ ಪತ್ರಗಳು ಉಳಿದದ್ದು ‘ರಿಯಾಜುಲ್ ಇನ್ಷಾ’ ಎಂಬ ಸಂಗ್ರಹದ ನಕಲುಗಳು ಊರು ದಾಟಿ ಹೋಗಿದ್ದರಿಂದ. ಬ್ಯಾಕಪ್ ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇರಲಿ. ತೆಗೆದದ್ದನ್ನು ಒಮ್ಮೆ ಬಿಚ್ಚಿ ಓದಿ ನೋಡಿದ ಮೇಲಷ್ಟೇ ಅದನ್ನು ಬ್ಯಾಕಪ್ ಎಂದು ಕರೆಯಿರಿ.

ಮೇಲ್ಕಂಡ ಸಿದ್ಧಾಂತಕ್ಕೆ ಆಕ್ಷೇಪಣೆ ಇರುವ ಐಬಿಎಂ ಕಂಪನಿಯವರು, ಪೇಶ್ವೆಯ ವಾರಸುದಾರರು ಮತ್ತು ಸಾರ್ವಜನಿಕರು ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬಹುದು. ಪೆನ್ ಡ್ರೈವಿನಲ್ಲಿ ತಂದರೆ ಸ್ವೀಕರಿಸಲಾಗುವುದಿಲ್ಲ. ನಮ್ಮ ಸರ್ವರಿನಲ್ಲಿ ಸದ್ಯ ಜಾಗವಿಲ್ಲ.