ಎ.ಐ. ಮೇಷ್ಟ್ರಿಗೊಂದು ಸ್ವಾಗತ ಪತ್ರ

ಸನ್ಮಾನ್ಯ ಎ.ಐ. ಮೇಷ್ಟ್ರೇ,

ತಾವು ಹೆಗ್ಗಡದೇವನಕೋಟೆ ಕಡೆಯ ಶಾಲೆಗಳಿಗೂ ದಯಮಾಡಿಸುತ್ತೀರೆಂದು ಮೈಸೂರಿನ ಸಭೆಗಳಲ್ಲಿ ಮಾತು ಕೇಳಿಬರುತ್ತಿದೆ. ಮೇಷ್ಟ್ರು ಸಿಗದ ಊರಿಗೆ ತಾವೇ ಮೇಷ್ಟ್ರಂತೆ. ಬಹಳ ಸಂತೋಷ. ಒಂದು ಕಾಲದಲ್ಲಿ ಸೀಮೆಸುಣ್ಣ ಹಿಡಿದವನಾಗಿ, ತಮ್ಮ ವಂಶದ ಹಿರಿಯರ ಯೋಗಕ್ಷೇಮವನ್ನು ತಮಗೆ ಮೊದಲೇ ತಿಳಿಸಿಬಿಡುವುದು ವಾಸಿ.

ವಂಶ ದೊಡ್ಡದೇ. ನಮ್ಮ ಮೈಸೂರಿನಲ್ಲೇ 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲಿ ರೇಡಿಯೊ ಕೇಂದ್ರ ಶುರುಮಾಡಿದರು. ಅದನ್ನು ಬೆಳೆಸಿದ್ದು ಪಾಠ ಹೇಳುವವರು, ಹಾಗಾಗಿ ಬಾಳಿತು. 1975ರಲ್ಲಿ ಅಮೆರಿಕದ ಉಪಗ್ರಹವೊಂದನ್ನು ಎರವಲು ತಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ತೋರಿಸಿದರು. ಅದರಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಊರುಗಳೂ ಇದ್ದವು. ವರ್ಷ ತುಂಬಿತು, ಉಪಗ್ರಹ ವಾಪಸ್ ಹೋಯಿತು. 2004ರ ಸೆಪ್ಟೆಂಬರ್ 20ರಂದು ನಮ್ಮದೇ ಎಜುಸ್ಯಾಟ್ ಹಾರಿತು. ಪಕ್ಕದ ಚಾಮರಾಜನಗರದ 800ಕ್ಕೂ ಹೆಚ್ಚು ಶಾಲೆಗಳಿಗೆ ಆಕಾಶದಿಂದಲೇ ಪಾಠ. 2010ರಲ್ಲಿ ಉಪಗ್ರಹವೂ ನಿವೃತ್ತಿಯಾಯಿತು. ಪಿಂಚಣಿ ತಂಟೆಯಿಲ್ಲ, ಸರ್ಕಾರಕ್ಕೆ ಇಂಥ ನೌಕರರೆಂದರೆ ಪ್ರೀತಿ.

ಆಮೇಲೆ ಕಂಪ್ಯೂಟರ್‌ಗಳು ಬಂದವು. ಕಳುವಾದರೆ ಮುಖ್ಯಶಿಕ್ಷಕರ ತಲೆಗೇ ಬರುತ್ತದೆಂದು ಎಷ್ಟೋ ಕಡೆ ಕೋಣೆಗೆ ಬೀಗ ಬಿತ್ತು. ಯೋಜನೆಯ ಅವಧಿ ಪೂರ್ತಿ ಒಂದು ದಿನವೂ ಕೆಡದೆ ದುಡಿದದ್ದು ಆ ಬೀಗ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯ ‘ಸಂವೇದ’, ಫೋನಿನ ಪಾಠ. ಮನೆಗಿದ್ದ ಒಂದು ಫೋನು ಬೆಳಗ್ಗೆಯೇ ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗುತ್ತಿತ್ತು. 2021ರ ಮಳೆಯಲ್ಲಿ ಸುಳ್ಯದ ಕಡೆ, ಸಿಗ್ನಲ್ ಹುಡುಕಿಕೊಂಡು ರಸ್ತೆ ಬದಿ ಕೂತ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ನೋಡಿತಲ್ಲ? ಡಿಜಿಟಲ್ ಶಿಕ್ಷಣದ ಆ ಇಡೀ ಏರ್ಪಾಡಿನಲ್ಲಿ ಕೈಕೊಡದ ಉಪಕರಣ ಕೊಡೆಯೊಂದೇ.

ಇರಲಿ. ತಮಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಎಲ್ಲ ಬರುತ್ತದೆಂದು ಕೇಳಿದ್ದೇನೆ. ಅದು ಸಣ್ಣ ಕೆಲಸ. ಮೊಟ್ಟೆ ಎಣಿಸಲು ಬರುತ್ತದೆಯೇ? ತಿನ್ನದ ಮಕ್ಕಳಿಗೆ ಬಾಳೆಹಣ್ಣು ತರಲು ಸಂತೆಗೆ ಹೋಗುತ್ತೀರಾ? ಹಾಲಿನ ಪುಡಿಯ ಲೆಕ್ಕ ಬರೆಯುತ್ತೀರಾ? ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುತ್ತೀರಾ? 2025ರ ದಸರಾ ರಜೆಯಲ್ಲಿ ನಮ್ಮ ಮೇಷ್ಟ್ರುಗಳು ಜಂಬೂಸವಾರಿ ಬಿಟ್ಟು ಜಾತಿ ಸಮೀಕ್ಷೆಗೆ ಹೊರಟರು. ಆ್ಯಪ್ ತೆರೆದರೆ ಒಟಿಪಿ ಬಾರದು, ಒಟಿಪಿ ಬಂದರೆ ಆ್ಯಪ್ ತೆರೆಯದು. ಸಮೀಕ್ಷೆ ಮುಗಿಯಲಿಲ್ಲವೆಂದು ಮಕ್ಕಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ಈ ಕೆಲಸಗಳನ್ನು ತಾವು ವಹಿಸಿಕೊಂಡರೆ ಪಾಠ ನಾವೇ ಮಾಡಿಕೊಳ್ಳುತ್ತೇವೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಯಾಕೆಂದರೆ ತಮ್ಮನ್ನು ಕಳಿಸಲಿರುವ ಅದೇ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಒಂದು ತಂತ್ರಜ್ಞಾನ ಹುಟ್ಟಿತ್ತು. ಕರೆಂಟು ಬೇಡ, ಟವರ್ ಬೇಡ. ಅಲ್ಲಿನ ಕೆಲವು ಶಿಕ್ಷಕರು ಮದನಪಲ್ಲಿಯ ರಿಷಿವ್ಯಾಲಿಗೆ ಹೋಗಿ ನೋಡಿಕೊಂಡು ಬಂದರು. ಯುನಿಸೆಫ್ ಒಂದಿಷ್ಟು ನೆರವು ಕೊಟ್ಟಿತು. ಪಠ್ಯವನ್ನು ರಟ್ಟಿನ ಕಾರ್ಡುಗಳಾಗಿ ಒಡೆದರು, ಚಿತ್ರ ಬರೆದರು, ಹಾಡು ಕಟ್ಟಿದರು. ಒಂದನೆಯದು, ಎರಡನೆಯದು, ಮೂರನೆಯದು ಒಟ್ಟಿಗೇ ಕೂರುವ ಏಕೋಪಾಧ್ಯಾಯ ಶಾಲೆಯಲ್ಲಿ ಪ್ರತಿ ಮಗು ತನ್ನ ಏಣಿಯನ್ನು ತನ್ನ ವೇಗದಲ್ಲಿ ಹತ್ತಿತು. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಿತು. ‘ಮಗುವಿಗೆ ತಕ್ಕ ಕಲಿಕೆ’ ಎಂದು ತಮ್ಮ ಕಂಪನಿಯವರು ಈಗ ಪರದೆಯ ಮೇಲೆ ತೋರಿಸುತ್ತಾರಲ್ಲ, ಅದೇ. ಹೆಸರು ನಲಿ-ಕಲಿ. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ಆದೇಶದ ಜೊತೆ ಕಾರ್ಡು ಹೋಯಿತೇ ಹೊರತು, ಕಾರ್ಡು ಮಾಡಿದವರಿಗಿದ್ದ ಬಿಡುವಾಗಲೀ ಹುಮ್ಮಸ್ಸಾಗಲೀ ಜೊತೆಗೆ ಹೋಗಲಿಲ್ಲ. ಆ ಕಥೆ ಬೇರೆ, ದುಃಖದ್ದು.

ತಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಜೇನುಕುರುಬರ ಮಗು ಮನೆಮಾತಿನಲ್ಲಿ ಕೇಳಿದ್ದಕ್ಕೆ ಅದೇ ಮಾತಿನಲ್ಲಿ ಉತ್ತರಿಸುವಷ್ಟು ತಾವು ಕಲಿತು ಬಂದರೆ ನಾನೇ ಹಾರ ತರುತ್ತೇನೆ. ಆದರೆ ತಮ್ಮನ್ನು ತೋರಿಸಿ ಖಾಲಿ ಹುದ್ದೆಯನ್ನು ರದ್ದು ಮಾಡುವವರಿದ್ದಾರೆ, ಅವರ ಜೊತೆ ಫೋಟೊಕ್ಕೆ ನಿಲ್ಲಬೇಡಿ.

ಇನ್ನು ಕೆಲಸಕ್ಕೆ ಹಾಜರಾಗುವ ಕ್ರಮ. ತಮ್ಮ ಹಾಜರಾತಿಯೂ ಆ್ಯಪ್‌ನಲ್ಲೇ ಆಗಬೇಕು. ಒಟಿಪಿ ಮುಖ್ಯಶಿಕ್ಷಕರ ಫೋನಿಗೆ ಹೋಗುತ್ತದೆ. ಅವರು ಬಿ.ಇ.ಒ. ಕಚೇರಿಯಲ್ಲಿ, ತಮ್ಮನ್ನು ಬಳಸುವುದು ಹೇಗೆಂಬ ತರಬೇತಿಯಲ್ಲಿರುತ್ತಾರೆ. ಬರುವವರೆಗೆ ಜಗಲಿಯ ಮೇಲೆ ಕೂತಿರಿ. ಪಕ್ಕದ ಹಳೆಯ ಉಪಗ್ರಹ ಡಿಶ್ ತಮ್ಮ ದೊಡ್ಡಪ್ಪನದು, ಅದರ ಮೇಲಿನ ಬಟ್ಟೆ ಒಣಗಿದ ಮೇಲೆ ಪರಿಚಯ ಮಾಡಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು, ಮೈಸೂರು